ನೆನೆದ ಎಲೆಯ ತೂಕ

"ಯಾರದು, ಮೆಷಿನ್ ಮೇಲೆ?"

ಬೆನ್ನ ಹಿಂದೆ ಗಂಡು ದನಿ ಕೇಳಿದ್ದೇ ತಡ, ಸಿಂಧುಜಾಳ ಎದೆ ಧಸಕ್ಕೆಂದಿತು.

ಅದು ಹುಬ್ಬತಲೈ ಊರಿನ ಎಲೆ ಶೆಡ್ಡು. ಊರಿನವರು ಕಿತ್ತು ತಂದ ಚಹಾ ಎಲೆಯನ್ನು ತೂಗಿ ಫ್ಯಾಕ್ಟರಿಗೆ ಕಳಿಸುವ ಜಾಗ. ಇಷ್ಟು ಬೆಳಗ್ಗೆ ಯಾರೂ ಇರುವುದಿಲ್ಲ ಎಂದುಕೊಂಡೇ ಅವಳು ಬಂದಿದ್ದಳು. ಬಾಗಿಲ ಬೀಗ ಸರಿಯಾಗಿ ಬಿದ್ದಿರಲಿಲ್ಲ. ಚಪ್ಪಲಿ ಕಳಚಿ, ಸ್ವೆಟರ್ ಬಿಚ್ಚಿಟ್ಟು, ಎಲೆ ಮೂಟೆ ಇಡುವ ತಟ್ಟೆಯ ಮೇಲೆ ಉಸಿರು ಬಿಗಿಹಿಡಿದು ನಿಂತಿದ್ದಳು. ಕೆಂಪು ಅಂಕಿ ಇನ್ನೂ ಓಲಾಡುತ್ತಿತ್ತು.

ತಿರುಗಿ ನೋಡಿದರೆ ಮಂಜಿನಲ್ಲಿ ಒಬ್ಬ ನಿಂತಿದ್ದ. ತಲೆಗೆ ಉಲ್ಲನ್ ಟೋಪಿ, ಕೈಯಲ್ಲಿ ಶೆಡ್ಡಿನ ಬೀಗದ ಕೈ. ಫ್ಯಾಕ್ಟರಿಯಿಂದ ಹೊಸದಾಗಿ ಬಂದಿರುವ ತೂಕದವನು ಇವನೇ ಇರಬೇಕು.

ಅವನ ಕಣ್ಣು ಅಂಕಿಯ ಕಡೆ ಹೊರಳುತ್ತಿದ್ದದ್ದು ಅವಳಿಗೆ ಕಂಡಿತು.

"ನೋಡಬೇಡಿ..." ಅವಳ ದನಿ ಅರ್ಧಕ್ಕೇ ಒಡೆಯಿತು. "ದಯವಿಟ್ಟು ಅದನ್ನ ನೋಡಬೇಡಿ."

ಅವನು ಗೋಡೆಯ ಕಡೆ ಮುಖ ಮಾಡಿ ನಿಂತುಬಿಟ್ಟ.

"ಸೆರಿ, ನೋಡಲ್ಲ. ಅಂಕಿ ನಿಲ್ಲೋಕೆ ಸ್ವಲ್ಪ ಹೊತ್ತು ಹಿಡಿಯುತ್ತೆ. ಅಲ್ಲಾಡಬೇಡಿ."

ತೊಂಬತ್ತೆರಡು.

ಅವಳು ಚಪ್ಪಲಿಯನ್ನು ಕೈಯಲ್ಲೇ ಹಿಡಿದು ಓಡುವವಳಂತೆ ಹೊರಟಳು. ಹಿಂದಿನಿಂದ ಗೋಡೆಗೆ ಹೇಳಿದಂತೆ ಮಾತು ಬಂತು. "ನಾನು ದಿನೇಶ್‌ಕುಮಾರ್. ಊರು ಕೂಕಲ್ತೊರೈ. ಇನ್ನೊಂದು ಸಲ ಬೇಕಾದರೂ ಬನ್ನಿ. ನನಗೆ ಗೋಡೆ ನೋಡೋಕೆ ಬೇಜಾರಿಲ್ಲ."

ನಕ್ಕನೇ? ದನಿಯಲ್ಲಿ ನಗು ಇತ್ತೇ? ದಾರಿಯುದ್ದಕ್ಕೂ ಅವಳಿಗೆ ಅದೇ ಅನುಮಾನ.

*

ಸಿಂಧುಜಾ ಹುಟ್ಟಾ ಅನುಮಾನದವಳಲ್ಲ.

ಎರಡು ವರ್ಷದ ಹಿಂದೆ ಅವಳನ್ನು ನೋಡಲು ಒಂದು ಗಂಡಿನ ಕಡೆಯವರು ಬಂದಿದ್ದರು. "ಲಕ್ಷಣವಾದ ಹುಡುಗಿ" ಎಂದು ಬಾಯ್ತುಂಬ ಹೊಗಳಿದರು. ಹೆತ್ತೆ, ಅಂದರೆ ಅಜ್ಜಿ ಚಿನ್ನಿ, ಕರಿದಿಟ್ಟ ಸಿಹಿ ತುಪ್ಪದಿಟ್ಟನ್ನು ಕೇಳಿ ಕೇಳಿ ಹಾಕಿಸಿಕೊಂಡು ತಿಂದರು. ಆಮೇಲೆ ಜೀಪು ಹತ್ತುವಾಗ ಒಬ್ಬರು, "ಹೆಣ್ಣು ಕೊಟ್ಟರೆ ಸಾಲದು, ಜೀಪಿಗೆ ಹೊಸ ಟಯರೂ ಕೊಡಬೇಕಾಗುತ್ತೆ" ಎಂದದ್ದು, ಉಳಿದವರು ನಕ್ಕದ್ದು, ಕಿಟಕಿಯ ಹಿಂದಿದ್ದ ಅವಳಿಗೆ ಕೇಳಿಸಿತ್ತು.

ಅಂದಿನಿಂದ ಯಾರು ಒಳ್ಳೆಯ ಮಾತಾಡಿದರೂ ಅವಳು ಆ ಮಾತನ್ನು ಮಗುಚಿ ಹಿಂಬದಿ ನೋಡುತ್ತಿದ್ದಳು.

ಅದೇ ವರ್ಷ ಅವ್ವೆ ತೀರಿಕೊಂಡಳು. ಸಕ್ಕರೆ ಕಾಯಿಲೆ ಮೊದಲು ಕಾಲಿಗೆ ಬಂತು, ಆಮೇಲೆ ಕಿಡ್ನಿಗೆ... ಕೊನೆಗೆ ಅವಳನ್ನೇ ಕರೆದುಕೊಂಡು ಹೋಯಿತು.

ಈಗ ಕೂನೂರಿನ ಡಾಕ್ಟರಮ್ಮ ಸಿಂಧುಜಾಳ ರಕ್ತದ ವರದಿ ಹಿಡಿದು ಹೇಳಿದ್ದರು. "ನೀನೂ ಗಡಿಯಲ್ಲಿ ನಿಂತಿದ್ದೀಯ ಮಗಳೇ. ತೂಕ ಇಳಿಸಿದರೆ ಹಿಂದಕ್ಕೆ ಬರಬಹುದು. ಇಲ್ಲದಿದ್ದರೆ ನಿನ್ನ ಅವ್ವೆಯ ದಾರಿ. ಮಳೆಗಾಲ ಮುಗಿಯುವ ಮೊದಲು ಬಂದು ತೋರಿಸು."

ಅವಳು ಕೆಲಸ ಮಾಡುವುದು ಕೂನೂರಿನ ಒಂದು ಬೇಕರಿಯ ಕೌಂಟರಿನಲ್ಲಿ. ದಿನವಿಡೀ ಬಿಸಿ ವರ್ಕಿ ಬಿಸ್ಕತ್ತಿನ ಬೆಣ್ಣೆ ವಾಸನೆ ಮೂಗಿಗೆ ಬಡಿಯುವ ಜಾಗ. ಆದರೂ ಹಠ ಹಿಡಿದಳು. ಮೂರು ಹೊತ್ತಿನ ಅನ್ನ ಒಂದು ಹೊತ್ತಿಗೆ ಬಂತು. ಸಣ್ಣದೊಂದು ರಾಗಿ ಹಿಟ್ಟಿನ ಉಂಡೆ, ಜೊತೆಗೆ ಬಟ್ಟಲು ತುಂಬ ಅವರೆಕಾಳಿನ ಉದಕ, ಅಂದರೆ ಸಾರು, ಮತ್ತೆ ಸೊಪ್ಪು. ಬೆಳಗ್ಗೆ ಕೆಲಸಕ್ಕೆ ಹೊರಡುವ ಮೊದಲು ಚಹಾ ತೋಟದ ಏರಿನಲ್ಲಿ ನೀರಿನ ಟ್ಯಾಂಕಿನವರೆಗೆ ಏದುಸಿರು ಬಿಡುತ್ತಾ ಹತ್ತಿ ಇಳಿಯುವುದು.

"ಹಸಿದ ಮಗುವಿಗೆ ಇಕ್ಕಬೇಡ ಅನ್ನುವ ಡಾಕ್ಟರು ಎಂಥ ಡಾಕ್ಟರು?" ಎಂದು ಹೆತ್ತೆ ಗೊಣಗುತ್ತಿದ್ದಳು.

"ನಾ ಹಸಿದಿಲ್ಲ ಹೆತ್ತೆ."

"ಸುಳ್ಳು ಹೇಳುವಾಗಲಾದರೂ ಆ ವರ್ಕಿ ಪೊಟ್ಟಣದಿಂದ ಕಣ್ಣು ತೆಗಿ."

ತೂಕ ನೋಡಿಕೊಳ್ಳಲು ಮನೆಯಲ್ಲಿ ಮೆಷಿನ್ ಇರಲಿಲ್ಲ. ಕೂನೂರಿನ ಔಷಧಿ ಅಂಗಡಿಯ ಮುಂದೆ ಒಂದಿದೆ ನಿಜ. ಆದರೆ ಬಸ್ಸಿಗೆ ಕಾಯುವವರೆಲ್ಲ ಅದರ ಸುತ್ತ ನಿಂತಿರುತ್ತಾರೆ. ಹಾಗಾಗಿ ಮುಂದಿನ ಸೋಮವಾರ, ನಾಚಿಕೆ ನುಂಗಿಕೊಂಡು, ಅವಳು ಮತ್ತೆ ಎಲೆ ಶೆಡ್ಡಿಗೇ ಹೋದಳು.

ಅವನಿದ್ದ. ಅವಳನ್ನು ಕಂಡದ್ದೇ ಗೋಡೆಯತ್ತ ತಿರುಗಿದ.

"ಇಲ್ಲಿ ಒಂದು ಗೊಬ್ಬರದ ಜಾಹೀರಾತು ಉಂಟು," ಎಂದ ಗೋಡೆಗೆ. "ಪೊಟಾಷ್ ಹಾಕಿದರೆ ಬೇರು ಗಟ್ಟಿಯಂತೆ. ನಿಮ್ಮದು ಆಯಿತಾ, ಇನ್ನೊಂದು ಸಲ ಓದಲಾ?"

ಅವಳಿಗೆ ನಗು ಬಂತು. ತಕ್ಷಣ ಅದನ್ನು ನುಂಗಿದಳು. *ಎಲೆ ಬರುವುದು ಮಧ್ಯಾಹ್ನ. ಇಷ್ಟು ಬೆಳಗ್ಗೆ ಇವನಿಗೆ ಮೆಷಿನ್ ಹತ್ತಿರ ಏನು ಕೆಲಸ?*

*

ಅವನ ಬಗ್ಗೆ ಅನುಮಾನ ಅವಳ ಅಪ್ಪ ಭೋಜನ್‌ಗೂ ಇತ್ತು.

"ಮೊದಲಿದ್ದವನು ಮೂಟೆಯ ಕೆಳಗೆ ಕಾಲ್ಬೆರಳು ಕೊಟ್ಟು ತೂಕ ಕಡಿಮೆ ಮಾಡುತ್ತಿದ್ದ," ಎಂದ ಅಪ್ಪ ಊಟದ ಹೊತ್ತಿಗೆ. "ಇವನು ಮೆತ್ತಗೆ ಮಾತಾಡುತ್ತಾನೆ. ತೂಕದವನು ಮೆತ್ತಗೆ ಮಾತಾಡಿದರೆ ನನಗೆ ಭಯ."

ಬೇಕರಿಯಲ್ಲಿ ಜೊತೆಗೆ ಕೆಲಸ ಮಾಡುವ ತೇನ್ಮೊಳಿ ಕತೆ ಕೇಳಿ ಕಣ್ಣು ಮಿಟುಕಿಸಿದಳು. "ನಿಮ್ಮಪ್ಪನದು ಊರಲ್ಲೇ ಒಳ್ಳೆ ಎಲೆ. ಅದು ಬೇರೆ ಫ್ಯಾಕ್ಟರಿಗೆ ಹೋಗದ ಹಾಗೆ ನೋಡಿಕೊಳ್ಳೋದು ಅವನ ಕೆಲಸ. ಅವನಿಗೆ ಎಲೆ ಬೇಕೋ, ಎಲೆಯವರ ಮಗಳು ಬೇಕೋ, ಸರಿಯಾಗಿ ಕೇಳಿಕೋ."

"ಎರಡೂ ಅಲ್ಲ. ಪಾಪ ಅಂತ ಕನಿಕರ ಇರಬೇಕು."

"ಕನಿಕರಕ್ಕೆ ಯಾವ ಗಂಡಸು ಗೊಬ್ಬರದ ಜಾಹೀರಾತು ಓದ್ತಾನೆ?"

ಸಿಂಧುಜಾ ವರ್ಕಿ ತಟ್ಟೆಯನ್ನು ಒಳಗೆ ಸರಿಸಿದಳು. ಆದರೆ ಸೋಮವಾರ ಬರುವುದನ್ನು ಅವಳು ಕಾಯತೊಡಗಿದ್ದಳು. ಅಷ್ಟರಲ್ಲಿ ಮಳೆಯೂ ಹಿಡಿದಿತ್ತು.

ಎಂಬತ್ತೇಳು.

ಅವಳು ಮೆಷಿನ್ ಮೇಲೆ ನಿಂತೇ ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಎಂಬತ್ತೇಳೇ!

"ಏನಾಯಿತು? ಉಸಿರಾಟ ಬೇರೆ ಥರ ಕೇಳಿಸ್ತಿದೆ," ಎಂದ ದಿನೇಶ್ ಗೋಡೆಯ ಕಡೆಯಿಂದಲೇ.

"ಇಳಿದಿದೆ..."

"ಇಳಿಯದೇ ಏನು? ಆ ಏರು ಹತ್ತೋದನ್ನ ನಾ ದಿನಾ ಕೆಳಗಿಂದ ನೋಡ್ತೀನಿ. ಮೊದಲು ಅರ್ಧದಲ್ಲಿ ನಿಂತು ಸೊಂಟ ಹಿಡ್ಕೊಳ್ತಿದ್ದಿರಿ. ಈಗ ನಿಲ್ಲೋದಿಲ್ಲ."

ಅವಳ ಕೆನ್ನೆ ಬಿಸಿಯಾಯಿತು. ಇವನು ನನ್ನನ್ನು ದಿನಾ ನೋಡುತ್ತಾನೆ... ಯಾಕೆ?

ಮಳೆ ಜೋರಾದಂತೆ ಅಂಕಿಯೂ ಕೆಳಗಿಳಿಯಿತು. ಒಂದು ಸೋಮವಾರ ಎಂಬತ್ತೆರಡು ತೋರಿಸಿದಾಗ ಅವಳಿಗೆ ಅಳುವೇ ಬಂತು. ಚೂಡಿದಾರ್ ಮಾತ್ರ ತೋಳಿನಲ್ಲಿ ಮೊದಲಿನಷ್ಟೇ ಬಿಗಿ. ಮಳೆಗೆ ಒಣಗದೆ ಬಟ್ಟೆ ಕುಗ್ಗಿರಬೇಕು ಎಂದುಕೊಂಡಳು. ಒಳ್ಳೆಯ ಸುದ್ದಿಯೊಂದನ್ನು, ಎರಡು ವರ್ಷದಲ್ಲಿ ಮೊದಲ ಸಲ, ಮಗುಚದೆ ಹಾಗೇ ಇಟ್ಟುಕೊಂಡಳು.

ಆ ಸಂತೋಷದಲ್ಲೇ ಪಥ್ಯ ಸಡಿಲವಾಯಿತು. ಹೆತ್ತೆ ಕೊಟ್ಟ ತುಪ್ಪದಿಟ್ಟಿಗೆ ಬೇಡ ಎನ್ನಲಿಲ್ಲ. ಮಳೆಯ ನೆಪದಲ್ಲಿ ಟ್ಯಾಂಕಿನ ನಡಿಗೆ ವಾರಕ್ಕೆರಡು ದಿನಕ್ಕೆ ಇಳಿಯಿತು. ಹೇಗೂ ತೂಕ ಇಳಿಯುತ್ತಿದೆಯಲ್ಲ...

"ಈ ವಾರ ಏರಿನಲ್ಲಿ ಕಾಣಲಿಲ್ಲ," ಎಂದ ದಿನೇಶ್.

"ಕಾಣದಿದ್ದರೆ ನಿಮಗೇನು?"

ಅವನು ಗೋಡೆಯ ಜಾಹೀರಾತಿನ ಮೇಲೆ ಬೆರಳಾಡಿಸಿದ. "ಏನೂ ಇಲ್ಲ. ಏರು ಖಾಲಿ ಕಾಣ್ತು."

ಆ ಮಾತನ್ನು ಎದೆಯಲ್ಲಿಟ್ಟುಕೊಂಡೇ ಅವಳು ಬಸ್ಸು ಹತ್ತಿದಳು. ಅವತ್ತು ಡಾಕ್ಟರಮ್ಮನನ್ನು ಕಾಣುವ ದಿನ. ತೂಕ ನೋಡಿ ಅವರು ಬೆನ್ನು ತಟ್ಟುತ್ತಾರೆ ಎಂದು ದಾರಿಯುದ್ದಕ್ಕೂ ಕನಸು ಕಂಡಳು.

*

"ತೊಂಬತ್ತೊಂದು," ಎಂದಳು ಕ್ಲಿನಿಕ್ಕಿನ ನರ್ಸು.

"ಸರಿಯಾಗಿ ನೋಡಿ ಸಿಸ್ಟರ್. ನನ್ನ ತೂಕ ಎಂಬತ್ತೆರಡು."

"ಯಾರು ಹೇಳಿದ್ದು?"

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಸಕ್ಕರೆ ಮೇಲಕ್ಕೆ ಹೋಗಿದೆ ಸಿಂಧುಜಾ. ಇನ್ನು ಎರಡು ತಿಂಗಳು ಕೊಡ್ತೀನಿ. ಆಮೇಲೆ ಮಾತ್ರೆ ಶುರು ಮಾಡಲೇಬೇಕು," ಎಂದು ಕನ್ನಡಕ ತೆಗೆದಿಟ್ಟರು.

ಹೊರಗೆ ಬಂದು ಬಸ್ ನಿಲ್ದಾಣದ ಬೆಂಚಿನಲ್ಲಿ ಕುಳಿತಾಗ ಎಲ್ಲವೂ ಒಂದೊಂದಾಗಿ ಜೋಡಿಸಿಕೊಂಡಿತು. ಬೆಳಗ್ಗೆ ಯಾರೂ ಇಲ್ಲದ ಹೊತ್ತಿನಲ್ಲಿ ಮೆಷಿನ್ ಹತ್ತಿರ ಅವನಿಗಿದ್ದ ಕೆಲಸ. ಆ ಮೆತ್ತಗಿನ ಮಾತು. ಗೋಡೆಗೆ ತಿರುಗಿಸಿಕೊಂಡ ಮುಖ.

*ನಗು ಮುಚ್ಚಿಕೊಳ್ಳೋಕೆ ಆ ಕಡೆ ತಿರುಗುತ್ತಿದ್ದ. ದಪ್ಪ ಹುಡುಗಿಗೆ ಒಂದು ಸುಳ್ಳು ಅಂಕಿ ತೋರಿಸಿದರೆ ಸಾಕು, ಅಪ್ಪನ ಎಲೆ ಎಲ್ಲೂ ಹೋಗಲ್ಲ ಅಂತ.*

ಜೀಪು ಹತ್ತುತ್ತಾ ನಕ್ಕವರಿಗಿಂತ ಇದು ಹೆಚ್ಚು ನೋಯಿಸಿತು. ಅವರನ್ನು ಅವಳು ಪ್ರೀತಿಸಿರಲಿಲ್ಲ.

ಊರಿಗೆ ಬಂದು ಇಳಿದಾಗ ಶೆಡ್ಡಿನ ಮುಂದೆ ಎಲೆ ಮೂಟೆಗಳ ಸಾಲು. ಜೋರು ಮಳೆ. ಅಪ್ಪ, ಹೆತ್ತೆ, ಊರಿನ ಅರ್ಧ ಜನ ಅಲ್ಲೇ ಇದ್ದರು. ದಿನೇಶ್ ಮೂಟೆ ಎತ್ತಿ ಇಡುತ್ತಿದ್ದವನು ಅವಳನ್ನು ಕಂಡು ಮುಗುಳ್ನಕ್ಕ.

"ಈ ಮೆಷಿನ್ ಸುಳ್ಳು ಹೇಳುತ್ತೆ," ಎಂದಳು ಸಿಂಧುಜಾ. "ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತೆ. ಇವರು ಬೇಕಂತಲೇ ಹಾಗೆ ಮಾಡಿಟ್ಟಿದ್ದಾರೆ."

ಮೂಟೆ ಹೊತ್ತವರೆಲ್ಲ ತಿರುಗಿ ನೋಡಿದರು.

"ನಿನಗೆ ಹೇಗೆ ಗೊತ್ತು?" ಎಂದ ಅಪ್ಪ.

"ಗೊತ್ತು. ಅಷ್ಟೇ."

ದಿನೇಶ್‌ನ ಮುಖದ ಬಣ್ಣ ಇಳಿಯಿತು. ಅವಳು ದಿಟ್ಟಿಸಿ ನೋಡಿದಳು. ಈಗ ಹೇಳುತ್ತಾನೆ... ಇವಳು ಸೋಮವಾರ ಸೋಮವಾರ ಬಂದು ಇದರ ಮೇಲೆ ನಿಲ್ಲುತ್ತಿದ್ದಳು ಅಂತ. ಎಲ್ಲರೂ ನಗುತ್ತಾರೆ.

ಅವನು ಬಾಯಿ ತೆರೆದ. ಸುತ್ತಲಿದ್ದ ಜನರನ್ನು ನೋಡಿದ. ಮುಚ್ಚಿದ.

ಆ ಮೌನವೇ ಸಾಕಾಯಿತು. ಒಬ್ಬರು ಮೂಟೆ ಕೆಳಗೆಳೆದರು. ಇನ್ನೊಬ್ಬರು ಫ್ಯಾಕ್ಟರಿಗೆ ಫೋನ್ ಹಚ್ಚಲು ಹೊರಟರು.

"ತಡೀರಿ. ನೋಡೇ ಬಿಡೋಣ," ಎಂದು ಭೋಜನ್ ಪಕ್ಕದ ಮನೆಯಿಂದ ಬಾಯಿ ಒಡೆಯದ ಗೊಬ್ಬರದ ಮೂಟೆಯೊಂದನ್ನು ಹೊತ್ತು ತಂದ. "ಐವತ್ತು ಕಿಲೋ. ಚೀಲದ ಮೇಲೇ ಬರೆದಿದೆ."

ಮೂಟೆ ಮೆಷಿನ್ ಮೇಲೆ ಕೂತಿತು. ಅಂಕಿ ಓಲಾಡಿ ನಿಂತಿತು. ನಲವತ್ತೈದು.

"ನೋಡಿದಿರಾ!" ಯಾರೋ ಕೂಗಿದರು. ಒಬ್ಬ ದಿನೇಶ್‌ನ ಕಾಲರಿಗೆ ಕೈ ಹಾಕಿದ.

ಅಷ್ಟರಲ್ಲಿ ಚಿನ್ನಿ ಹೆತ್ತೆ ಕೋಲೂರಿಕೊಂಡು ಮುಂದೆ ಬಂದಳು. ಅರವತ್ತು ವರ್ಷ ಎಲೆ ಕಿತ್ತ ಮುದುಕಿ. ಮೆಷಿನ್ನನ್ನು ಒಮ್ಮೆ, ಮಗನನ್ನು ಒಮ್ಮೆ ನೋಡಿದಳು.

"ಏನ ಭೋಜಾ, ಗೊಬ್ಬರ ಮಳೆಯಲ್ಲಿ ನೆನೆದ ಎಲೆಯಾ?"

"ಅಂದರೆ?"

"ಈರದ ಕಳಿವು ಹಾಕಿದೆಯಲ್ಲ ಅದಕ್ಕೆ. ಒದ್ದೆ ಎಲೆಯಲ್ಲಿ ನೀರಿನ ಪಾಲು ಕಳೆಯೋದು ಯಾವಾಗಲೂ ಇದ್ದದ್ದೇ. ಸಣ್ಣ ಮಳೆಗೆ ಸ್ವಲ್ಪ, ಜೋರು ಮಳೆಗೆ ನೂರಕ್ಕೆ ಹತ್ತು. ನೀನೇ ತಾನೆ ಮೀಟಿಂಗಲ್ಲಿ ಕೂತು ಒಪ್ಪಿ ಬಂದದ್ದು? ಕಳಿವು ತೆಗೆದು ತೂಗು."

ದಿನೇಶ್ ಮೆಷಿನ್ನಿನ ಕಳಿವಿನ ಗುಂಡಿ ಒತ್ತಿ ತೆಗೆದ. ಐವತ್ತು.

ಜನ ಹೋ ಎಂದು ನಕ್ಕರು. ಕಾಲರ್ ಹಿಡಿದವನು ಅದನ್ನೇ ನೇವರಿಸಿ ನೆಟ್ಟಗೆ ಮಾಡಿದ. ಭೋಜನ್ ಗೊಬ್ಬರದ ಮೂಟೆ ಹೊತ್ತು ಯಾರ ಮುಖವನ್ನೂ ನೋಡದೆ ನಡೆದ.

ಸಿಂಧುಜಾ ಮಾತ್ರ ಅಲ್ಲಾಡಲಿಲ್ಲ.

ಮೊದಲ ದಿನ ಮಳೆ ಇರಲಿಲ್ಲ. ಆಮೇಲೆ ಸಣ್ಣ ಮಳೆ. ಆಮೇಲೆ ಜೋರು ಮಳೆ... ಹಿಂದಿನ ಸಂಜೆ ಒತ್ತಿದ ಗುಂಡಿ ಬೆಳಗ್ಗೆಯೂ ಹಾಗೇ ಇರುತ್ತಿತ್ತು. ಎಲೆಗೆ ಕಳಿವು ಉಂಟೆಂದು ಹುಟ್ಟಿದಾಗಿನಿಂದ ಕೇಳಿದ್ದಳು. ಅದು ತನಗೂ ತಾಗುತ್ತದೆಂದು ಹೊಳೆದಿರಲೇ ಇಲ್ಲ. ಅಂಕಿ ನೋಡಿದ್ದರೆ ಅವನಿಗೆ ಹೊಳೆಯುತ್ತಿತ್ತು. ನೋಡಬೇಡಿ ಎಂದವಳು ತಾನೇ. ಅವನು ಒಂದು ಸಲವೂ ನೋಡಿರಲಿಲ್ಲ.

ಮತ್ತೆ ಇವತ್ತು, ಕಳಿವಿನ ಮಾತೆತ್ತಿದರೆ ಬೆಳಗಿನ ತೂಕದ ಮಾತೂ ಬರುತ್ತದೆಂದು, ಕಾಲರಿಗೆ ಕೈ ಬಿದ್ದಾಗಲೂ ಅವಳ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ.

ಅವಳು ತಲೆಯೆತ್ತಿದಾಗ ಅವನು ಇನ್ನೊಂದು ಮೂಟೆ ಎತ್ತಿಡುತ್ತಿದ್ದ. ಅವಳ ಕಡೆ ತಿರುಗಲಿಲ್ಲ.

*

ಮುಂದಿನ ಸೋಮವಾರ ಶೆಡ್ಡಿಗೆ ಬೀಗ. ಮಧ್ಯಾಹ್ನ ಬೇರೊಬ್ಬ ಬಂದನಂತೆ. ದಿನೇಶ್ ತಾನಾಗಿಯೇ ಕೇಳಿ, ತನ್ನ ಊರಿನ ಕಡೆಯ ಶೆಡ್ಡಿಗೆ ಹೋದನಂತೆ.

"ಒಳ್ಳೆ ಹುಡುಗ," ಎಂದ ಅಪ್ಪ, ತಟ್ಟೆಯಲ್ಲಿ ಕೈಯಾಡಿಸುತ್ತಾ. "ಹೋದ ಮೇಲೆ ಗೊತ್ತಾಯಿತು."

ಅವಳು ಆ ರಾತ್ರಿ ಅತ್ತಳು. ಬೆಳಗ್ಗೆ ಎದ್ದು ಏರು ಹತ್ತಿದಳು.

ಈ ಸಲ ಮಳೆಯ ನೆಪವಿರಲಿಲ್ಲ. ಪ್ಲಾಸ್ಟಿಕ್ ಕೋಟು ಹೊದ್ದು ನಡೆದಳು. ತುಪ್ಪದಿಟ್ಟಿನ ಡಬ್ಬಿಯನ್ನು ಹೆತ್ತೆಯೇ ಅಟ್ಟಕ್ಕೇರಿಸಿ, ಸೊಪ್ಪಿನ ಪಲ್ಯವನ್ನು ಎರಡು ಸೌಟು ಹೆಚ್ಚು ಬಡಿಸತೊಡಗಿದಳು. ತೂಕ ನೋಡಬೇಕೆನಿಸಿದಾಗ ಸಿಂಧುಜಾ ಔಷಧಿ ಅಂಗಡಿಯ ಮುಂದಿನ ಮೆಷಿನ್ನಿನ ಮೇಲೆ, ಬಸ್ಸಿನವರೆಲ್ಲ ನೋಡುತ್ತಿರುವಾಗಲೇ, ಹತ್ತಿ ನಿಂತಳು. ಯಾರೋ ನಕ್ಕರು. ಆದರೂ ಅಂಕಿ ನಿಲ್ಲುವವರೆಗೆ ನಿಂತಳು. ನಿಧಾನವಾಗಿ, ಕಳಿವಿಲ್ಲದ ತೂಕ, ನಿಜವಾಗಿಯೇ ಇಳಿಯುತ್ತಿತ್ತು.

ಎರಡು ತಿಂಗಳಾದ ಮೇಲೆ ಡಾಕ್ಟರಮ್ಮ ವರದಿ ನೋಡಿ, "ಮಾತ್ರೆ ಬೇಡ. ಹೀಗೇ ನಡಿ," ಎಂದರು.

ಈ ಮಾತನ್ನು ಮೊದಲು ಯಾರಿಗೆ ಹೇಳಬೇಕೆಂದು ಅವಳ ಮನಸ್ಸಿಗೆ ಅನುಮಾನವೇ ಬರಲಿಲ್ಲ. ಮನೆಯ ಬಸ್ಸು ಬಿಟ್ಟು, ದಿನೇಶ್‌ನ ಊರಿನ ಕಡೆಗೆ ಹೋಗುವ ಕೋಟಗಿರಿಯ ಬಸ್ಸು ಹತ್ತಿದಳು.

*

ಕೂಕಲ್ತೊರೈಯ ಬಸ್ ಸ್ಟಾಪಿನಲ್ಲಿ ಕೇಳಿದಾಗ ಒಬ್ಬರು ಕ್ಯಾರೆಟ್ ಹೊಲದತ್ತ ಕೈ ತೋರಿಸಿದರು. ದಿನೇಶ್ ಅವ್ವೆಯ ಜೊತೆ ಮಡಿಗೆ ಮಣ್ಣೇರಿಸುತ್ತಿದ್ದ. ಅವಳನ್ನು ಕಂಡು ಗುದ್ದಲಿ ಊರಿ ನಿಂತ. ಕರೆಯಲಿಲ್ಲ, ಹೋಗು ಎನ್ನಲೂ ಇಲ್ಲ.

"ತಪ್ಪಾಯಿತು," ಎಂದಳು ಅವಳು ಬದುವಿನ ಮೇಲಿಂದಲೇ. "ನಿಮ್ಮನ್ನ ಅಷ್ಟು ಜನರ ಮುಂದೆ ನಿಲ್ಲಿಸಿದೆ."

"ನನಗೆ ತುಂಬ ಕೋಪ ಬಂದಿತ್ತು," ಎಂದ ಅವನು. "ಈಗಲೂ ಸ್ವಲ್ಪ ಉಂಟು."

"ಅದಕ್ಕೇ ಅಲ್ಲಿಂದ ಬಂದುಬಿಟ್ಟಿರಾ?"

"ಕೋಪಕ್ಕಲ್ಲ. ನನ್ನಿಂದ ನಿಮ್ಮ ಮೈ ಕೆಟ್ಟಿತಲ್ಲ ಅಂತ. ಆ ಗುಂಡಿ ತೆಗೀಬೇಕು ಅಂತ ನನಗಾದರೂ ಹೊಳೀಬೇಕಿತ್ತು. ನಿಮ್ಮ ಜೊತೆ ಏನು ಮಾತಾಡಲಿ ಅಂತ ಯೋಚಿಸೋದರಲ್ಲೇ ಬುದ್ಧಿ ಖರ್ಚಾಗಿ ಹೋಗ್ತಿತ್ತು."

ಅವಳು ಬದು ಇಳಿದು ಹತ್ತಿರ ಬಂದಳು. ಇಷ್ಟು ದಿನ ಒಳಗೇ ಕೊರೆಯುತ್ತಿದ್ದದ್ದನ್ನು ಕೇಳಲೇಬೇಕಿತ್ತು.

"ಒಂದು ಕೇಳ್ತೀನಿ. ಸುಳ್ಳು ಹೇಳಬೇಡಿ. ಅದು ಅಪ್ಪನ ಎಲೆಗಾ? ಇಲ್ಲಾ, ಪಾಪ ಅಂತ ಕನಿಕರಾನಾ?"

ಅವನು ಕೈಯ ಮಣ್ಣು ಒರೆಸಿಕೊಂಡ. "ಎಲೆ ಬರೋದು ಮಧ್ಯಾಹ್ನ ಸಿಂಧುಜಾ. ಬೆಳಗ್ಗೆ ಆ ಶೆಡ್ಡಲ್ಲಿ ನನಗೆ ಏನು ಕೆಲಸ? ಮೊದಲ ದಿನ ಬೀಗ ಸರಿ ಇದೆಯಾ ನೋಡೋಕೆ ಬಂದಿದ್ದೆ. ಆಮೇಲೆ ಬಂದದ್ದೆಲ್ಲ... ಇಲ್ಲಿಂದ ಮೊದಲ ಬಸ್ಸು ಹಿಡಿದು, ಮಧ್ಯ ಒಂದು ಬಸ್ಸು ಬದಲಿಸಿ, ನೀವು ಬರ್ತೀರಿ ಅಂತ."

ಅವಳು ಆ ಮಾತನ್ನು ಅಭ್ಯಾಸದಂತೆ ಮಗುಚಿ ನೋಡಿದಳು. ಹಿಂಬದಿಯಲ್ಲೂ ಅದೇ ಇತ್ತು.

"ನಾ ಇನ್ನೂ ದಪ್ಪವೇ ಇದ್ದೀನಿ," ಎಂದಳು ಮೆಲ್ಲಗೆ.

"ನಾ ಇನ್ನೂ ತೂಕದವನೇ. ನಿಮ್ಮಪ್ಪ ಒಪ್ಪುತ್ತಾರಾ?"

ಅವಳು ನಕ್ಕಳು. ಕಣ್ಣು ತುಂಬಿದ್ದರಿಂದ ಕ್ಯಾರೆಟ್ ಮಡಿಗಳೆಲ್ಲ ಒಂದೇ ಹಸಿರಾಗಿ ಕಂಡವು. ಅಷ್ಟು ದೂರದಲ್ಲಿ ಅವನ ಅವ್ವೆ ಸೆರಗಿನಿಂದ ಬಿಸಿಲಿಗೆ ಮರೆ ಮಾಡಿಕೊಂಡು ಕೂಗಿದರು. "ಯಾರ ಮಗಳಪ್ಪ ಅದು? ನಿಂತೇ ಮಾತಾಡಿಸ್ತಿದ್ದೀಯಲ್ಲ!"

"ಬರ್ತೀವಿ ಅವ್ವೆ," ಎಂದ ದಿನೇಶ್. ಬರ್ತೀವಿ ಎಂದದ್ದು ಇಬ್ಬರಿಗೂ ಒಟ್ಟಿಗೇ ಕೇಳಿಸಿತು.

ಸಂಜೆ, ಕಾಫಿ ಕುಡಿದು, ಅವ್ವೆ ಕೊಟ್ಟ ಕ್ಯಾರೆಟ್ ಕಟ್ಟು ಕಂಕುಳಲ್ಲಿಟ್ಟುಕೊಂಡು ಇಬ್ಬರೂ ರಸ್ತೆಗೆ ಬಂದರು. ಬಸ್ಸಿಗೆ ಇನ್ನೂ ಹೊತ್ತಿತ್ತು.

"ಇಲ್ಲೇ ಕಾಯೋಣವಾ, ಮುಂದಿನ ಸ್ಟಾಪಿನವರೆಗೆ ನಡೆಯೋಣವಾ?" ಎಂದ ಅವನು.

"ಅಲ್ಲಿವರೆಗೂ ಏರೇ ಅಲ್ಲವಾ?"

"ಏರೇ. ನಿನಗೆ ಸುಸ್ತಾದರೆ ನಿಲ್ಲೋಣ."

ನಿಮಗೆ ಎಂಬುದು ನಿನಗೆ ಆದದ್ದು ಅವನಿಗೆ ಗೊತ್ತಾಗಲಿಲ್ಲ. ಅವಳಿಗೆ ಗೊತ್ತಾಯಿತು.

"ನಿನಗೆ ಸುಸ್ತಾದರೆ?"

"ಆಗಲೂ ನಿಲ್ಲೋಣ."

ಕ್ಯಾರೆಟ್ ಕಟ್ಟನ್ನು ಅವನ ಕೈಗೆ ದಾಟಿಸಿ, ಅವಳು ಮುಂದೆ ಹೆಜ್ಜೆ ಹಾಕಿದಳು.